‘ಮಾಡಿಸಿದೆ’ ಎನ್ನಲು ಇಂಗ್ಲಿಷಿನ ‘ಗೆಟ್’

ಮಂಡ್ಯದ ಕಡೆಯ ಹುಡುಗನೊಬ್ಬ ಸಂದರ್ಶನದಲ್ಲಿ ‘ವಿ ಕಟ್ ದ ಕೇನ್’ ಎಂದರೆ, ಮನೆಯವರೇ ಮಚ್ಚು ಹಿಡಿದು ಗದ್ದೆಗಿಳಿದರು ಎಂದರ್ಥ. ಅವನ ಮನಸ್ಸಿನಲ್ಲಿದ್ದದ್ದು ‘ಆಳುಗಳಿಂದ ಕಬ್ಬು ಕಡಿಸಿದೆವು’. ನಮಗೆ ‘ಇಸು’ ಸೇರಿಸಿದರೆ ಮುಗಿಯಿತು: ಕಡಿಸು, ಹೊಲಿಸು, ಬರೆಸು. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಮಾತಿನಲ್ಲಿ ಹೆಚ್ಚು ಒದಗುವುದು ‘ಗೆಟ್’.

ಮೊದಲು ಗೆಟ್, ಆಮೇಲೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ‘ವಿ ಗಾಟ್ ದ ಕೇನ್ ಕಟ್’, ‘ವಿ ಗಾಟ್ ಎ ಬೋರ್‌ವೆಲ್ ಡ್ರಿಲ್ಡ್’, ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ತಪ್ಪುವುದು ಎರಡು ಕಡೆ. ಒಂದು, ‘ಗಾಟ್ ರಿಪೇರ್ಡ್ ಮೈ ಬೈಕ್’ ಎಂದು ವಸ್ತುವನ್ನು ಹಿಂದಕ್ಕೆ ತಳ್ಳುವುದು. ‘ಬೈಕ್ ರಿಪೇರಿ ಮಾಡಿಸಿದೆ’ ಎನ್ನುವಾಗ ಬೈಕೇ ಮೊದಲು ಬರುತ್ತದಲ್ಲ, ಇಷ್ಟರ ಮಟ್ಟಿಗೆ ಕನ್ನಡದ ಕ್ರಮವನ್ನೇ ನಂಬಿ. ಇನ್ನೊಂದು, ಕೊನೆಯ ‘ಡ್’ ನುಂಗಿ ‘ರಿಪೇರ್’ ಎಂದಷ್ಟೇ ಹೇಳುವುದು.

ಯಾರಿಂದ ಮಾಡಿಸಿದಿರಿ ಎಂದೂ ಹೇಳಬೇಕಾದರೆ ರಚನೆ ಬದಲಾಗುತ್ತದೆ: ‘ಐ ಗಾಟ್ ದ ಮೆಕ್ಯಾನಿಕ್ ಟು ಚೆಕ್ ದ ಬ್ರೇಕ್ಸ್’. ಇಲ್ಲಿ ‘ಟು’ ಬಿಡುವಂತಿಲ್ಲ. ಅದೇ ‘ಮೇಡ್ ಹಿಮ್ ಚೆಕ್’, ‘ಹ್ಯಾಡ್ ಹಿಮ್ ಚೆಕ್’ ಎನ್ನುವಾಗ ‘ಟು’ ಬರುವಂತಿಲ್ಲ. ಅರ್ಥದಲ್ಲೂ ವ್ಯತ್ಯಾಸವಿದೆ. ‘ಗೆಟ್’ನಲ್ಲಿ ಹೇಳಿ ಒಪ್ಪಿಸಿದ ಛಾಯೆ, ‘ಮೇಕ್’ನಲ್ಲಿ ಬಲವಂತ, ‘ಹ್ಯಾವ್’ನಲ್ಲಿ ಕೆಲಸ ವಹಿಸಿದ್ದಷ್ಟೇ.

ನಮ್ಮ ‘ಆಗು’ವಿಗೂ ಇದೇ ಪದ: ಗಾಟ್ ವೆಟ್, ಗಾಟ್ ಟಯರ್ಡ್, ಗಾಟ್ ಮ್ಯಾರೀಡ್. ಮದುವೆ ಯಾರ ಜೊತೆ ಎಂದು ಹೇಳುವಾಗ ‘ವಿತ್’ ಅಲ್ಲ, ‘ಟು’. ಊರು ತಲುಪಿದ್ದಕ್ಕೂ ‘ಟು’ ಬೇಕು, ‘ಗಾಟ್ ಟು ಶ್ರೀರಂಗಪಟ್ಟಣ’. ಆದರೆ ‘ಗಾಟ್ ಹೋಮ್’ ಎನ್ನುವಾಗ ಬೇಡ. ‘ರೀಚ್’ಗಂತೂ ಎಲ್ಲೂ ಬೇಡ. ‘ರೀಚ್ಡ್ ಟು ಮೈಸೂರು’ ಎಂಬುದು ‘ಮೈಸೂರಿಗೆ’ಯ ‘ಗೆ’ಯಿಂದ ಹುಟ್ಟಿದ ತಪ್ಪು.

ಬಸ್ಸಿನಲ್ಲಿ ‘ಗೆಟ್ ಡೌನ್ ಹಿಯರ್’ ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅದನ್ನು ತಪ್ಪೆಂದು ಗದರಿಸುವುದು ಅತಿಯಾಯಿತು. ಹೊರದೇಶದವರೊಡನೆ ಮಾತ್ರ ‘ಗೆಟ್ ಆಫ್’ ಎನ್ನಿ. ಒಳಗೆ ನಿಂತು ಓಡಾಡಬಹುದಾದ ಬಸ್ಸು, ರೈಲಿಗೆ ‘ಆನ್’, ‘ಆಫ್’. ಬಗ್ಗಿ ಕೂರುವ ಕಾರು, ಆಟೋಗೆ ‘ಇನ್’, ‘ಔಟ್’.

ಅರ್ಜಿ, ಕಚೇರಿ ಪತ್ರಗಳಲ್ಲಿ ‘ಗಾಟ್’ ಸ್ವಲ್ಪ ಸಲಿಗೆಯ ಮಾತಾಗುತ್ತದೆ. ಅಲ್ಲಿ ಪತ್ರ ಬಂದದ್ದಕ್ಕೆ ‘ರಿಸೀವ್ಡ್’, ಅನುಮತಿ ಪಡೆದದ್ದಕ್ಕೆ ‘ಅಬ್ಟೇನ್ಡ್’ ಬರೆಯಿರಿ.