‘ದಿ ಬೆಸ್ಟ್ ಮ್ಯಾನ್’: ಇಬ್ಬರ ಜಗಳದಲ್ಲಿ ಮೂರನೆಯವನು ಗೆದ್ದದ್ದು ಹೇಗೆ?

ಪ್ರಶ್ನೆ: 1964ರ ‘ದಿ ಬೆಸ್ಟ್ ಮ್ಯಾನ್’ ಚಿತ್ರದಲ್ಲಿ ಪೈಪೋಟಿಗಿಳಿದ ಇಬ್ಬರು ಘಟಾನುಘಟಿಗಳನ್ನೂ ಬಿಟ್ಟು, ಯಾರ ಲೆಕ್ಕಕ್ಕೂ ಬಾರದ ಮೂರನೆಯವನು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗುತ್ತಾನೆ. ಅಮೆರಿಕದಲ್ಲಿ ಹೀಗೆ ನಿಜಕ್ಕೂ ಆಗುತ್ತಿತ್ತೇ?

ಉತ್ತರ: ಆಗುತ್ತಿತ್ತು. ರಾಜ್ಯಗಳಿಂದ ಬಂದ ಪ್ರತಿನಿಧಿಗಳು ಅಭ್ಯರ್ಥಿಯನ್ನು ಆರಿಸುವ ಪಕ್ಷದ ಮಹಾಧಿವೇಶನದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದರೆ ಸಾಲದು. ಒಟ್ಟು ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಬೆಂಬಲ ಬೇಕು, ಅದು ಯಾರಿಗೂ ದೊರೆಯದಿದ್ದರೆ ದೊರೆಯುವವರೆಗೂ ಸುತ್ತಿನ ಮೇಲೆ ಸುತ್ತು ಮತದಾನ ನಡೆಯಬೇಕು. ಚಿತ್ರದ ಕಥೆ ನಿಂತಿರುವುದು ಈ ನಿಯಮದ ಮೇಲೆಯೇ. ಮಾಜಿ ವಿದೇಶಾಂಗ ಸಚಿವ ರಸೆಲ್‌ಗೆ (ಹೆನ್ರಿ ಫೋಂಡಾ) ಹಿಂದೊಮ್ಮೆ ಆಗಿದ್ದ ಮಾನಸಿಕ ಕುಸಿತದ ವೈದ್ಯಕೀಯ ದಾಖಲೆಗಳನ್ನು ಸೆನೆಟರ್ ಕ್ಯಾಂಟ್‌ವೆಲ್ (ಕ್ಲಿಫ್ ರಾಬರ್ಟ್‌ಸನ್) ಅಸ್ತ್ರವಾಗಿಸಿಕೊಳ್ಳುತ್ತಾನೆ. ಕ್ಯಾಂಟ್‌ವೆಲ್‌ನ ಸೈನ್ಯದ ದಿನಗಳ ಕುರಿತ ಆರೋಪವೊಂದು ರಸೆಲ್‌ನ ಕೈಗೂ ಸಿಗುತ್ತದೆ, ಆದರೆ ಅದನ್ನು ಬಯಲಿಗೆಳೆಯಲು ಅವನ ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಅವನು ತಾನೇ ಕಣದಿಂದ ಸರಿದು, ತನ್ನ ಬೆಂಬಲಿಗ ಪ್ರತಿನಿಧಿಗಳನ್ನು ಗವರ್ನರ್ ಮರ್ವಿನ್‌ನ ಕಡೆಗೆ ತಿರುಗಿಸುತ್ತಾನೆ. ಗೆಲ್ಲಲಾಗದವನ ಬಳಿಯೂ ಎದುರಾಳಿಯನ್ನು ತಡೆಯುವಷ್ಟು ಬಲ ಉಳಿದಿರುತ್ತದೆ ಎಂಬ ಈ ಲೆಕ್ಕಾಚಾರವೇ ಚಿತ್ರದ ಜೀವಾಳವೆಂದು ನಾನು ಭಾವಿಸುತ್ತೇನೆ. ತಮ್ಮದೇ ನಾಟಕವನ್ನು ಚಿತ್ರಕಥೆಯಾಗಿಸಿದ ಗೋರ್ ವಿಡಾಲ್, ಆ ನಾಟಕ ಬ್ರಾಡ್‌ವೇಯಲ್ಲಿ ತೆರೆ ಕಂಡ 1960ರಲ್ಲಿಯೇ ಅಮೆರಿಕದ ಸಂಸತ್ತಿಗೆ ಸ್ಪರ್ಧಿಸಿ ಸೋತವರು. ಹಾಗಾಗಿ ಈ ಲೋಕ ಅವರಿಗೆ ಹೊರಗಿನದಾಗಿರಲಿಲ್ಲ.

ಇತಿಹಾಸದಲ್ಲಿ ಇದಕ್ಕಿಂತ ದೀರ್ಘವಾದ ಜಗ್ಗಾಟವೂ ನಡೆದಿದೆ. 1924ರಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಡೆಮಾಕ್ರಟಿಕ್ ಪಕ್ಷದ ಅಧಿವೇಶನದಲ್ಲಿ ಮುಖ್ಯ ಸ್ಪರ್ಧಿಗಳಾದ ಮ್ಯಾಕಾಡೂ ಮತ್ತು ಆಲ್ ಸ್ಮಿತ್ ಇಬ್ಬರೂ ಪಟ್ಟು ಸಡಿಲಿಸಲಿಲ್ಲ. ಆಗ ಆ ಪಕ್ಷದಲ್ಲಿ ಮೂರನೇ ಎರಡರಷ್ಟು ಮತ ಬೇಕಿದ್ದುದರಿಂದ, 103ನೆಯ ಸುತ್ತಿನಲ್ಲಿ ಜಾನ್ ಡಬ್ಲ್ಯೂ. ಡೇವಿಸ್ ಆಯ್ಕೆಯಾಗುವವರೆಗೂ ಮತದಾನ ಮುಂದುವರಿಯಿತು. ಆ ನಿಯಮವನ್ನು 1936ರಲ್ಲಿ ಕೈಬಿಡಲಾಯಿತು.

ಈಗ ಹೀಗಾಗುವುದು ತೀರ ಅಪರೂಪ. ದೊಡ್ಡ ಪಕ್ಷವೊಂದರಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯ ಆಯ್ಕೆ ಮೊದಲ ಸುತ್ತನ್ನು ದಾಟಿದ್ದು 1952ರಲ್ಲಿ, ಅಡ್ಲೈ ಸ್ಟೀವನ್‌ಸನ್ ಮೂರನೆಯ ಸುತ್ತಿನಲ್ಲಿ ಗೆದ್ದಾಗಲೇ ಕೊನೆ. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಷಿಕಾಗೊ ಅಧಿವೇಶನದ ವೇಳೆ ನಡೆದ ಗಲಭೆಯ ನಂತರ ನಿಯಮಗಳು ಬದಲಾಗಿ, ಬಹುಪಾಲು ಪ್ರತಿನಿಧಿಗಳು ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ರಾಜ್ಯಗಳ ಪ್ರಾಥಮಿಕ ಚುನಾವಣೆಗಳಲ್ಲಿಯೇ ನಿರ್ಧಾರವಾಗತೊಡಗಿದರು.

ಕ್ಯಾಂಟ್‌ವೆಲ್ ಹಿಡಿದ ಅಸ್ತ್ರ ಮಾತ್ರ ಬೇಗ ಹಳತಾಗಲಿಲ್ಲ. ಖಿನ್ನತೆಗೆ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಿದ್ದ ಕಾರಣಕ್ಕೆ, 1972ರಲ್ಲಿ ಡೆಮಾಕ್ರಟಿಕ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಥಾಮಸ್ ಈಗಲ್‌ಟನ್ ಮೂರು ವಾರವೂ ತುಂಬುವ ಮೊದಲೇ ಕಣದಿಂದ ಹಿಂದೆ ಸರಿಯಬೇಕಾಯಿತು.