ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವವರು ಯಾರು? ಅಮೆರಿಕದಲ್ಲಿ ಒಂದು ಅಧಿಕಾರ ಕೈಬದಲಾದ ಬಗೆ

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷವೊಂದರ ಅಭ್ಯರ್ಥಿ ಯಾರೆಂಬುದನ್ನು ತೀರ್ಮಾನಿಸಲು ತಿಂಗಳುಗಟ್ಟಲೆ ಪ್ರಾಥಮಿಕ ಚುನಾವಣೆಗಳು ನಡೆಯುತ್ತವೆ. ಆ ಅಭ್ಯರ್ಥಿಯ ಜೊತೆಗೆ ನಿಲ್ಲುವ ಉಪಾಧ್ಯಕ್ಷ ಅಭ್ಯರ್ಥಿಯನ್ನು ಮಾತ್ರ ಒಬ್ಬರೇ ವ್ಯಕ್ತಿ, ಅಂದರೆ ಆ ಅಧ್ಯಕ್ಷ ಅಭ್ಯರ್ಥಿಯೇ, ಮುಚ್ಚಿದ ಬಾಗಿಲ ಹಿಂದೆ, ಕೆಲವೇ ವಾರಗಳಲ್ಲಿ ಆರಿಸುತ್ತಾರೆ. ಈ ಅಧಿಕಾರವನ್ನು ಅವರಿಗೆ ಕೊಟ್ಟದ್ದು ಸಂವಿಧಾನವಲ್ಲ. ಮೊದಲು ಅದು ಅಧ್ಯಕ್ಷರ ಆಯ್ಕೆಗೆ ಅಂತಿಮ ಮತ ಹಾಕುವ ರಾಜ್ಯಗಳ ಪ್ರತಿನಿಧಿಗಳಾದ ಎಲೆಕ್ಟರ್‌ಗಳ ಕೈಯಲ್ಲಿತ್ತು, ಆಮೇಲೆ ಪಕ್ಷದ ಮುಖಂಡರಿಗೆ ಹೋಯಿತು, ಅಭ್ಯರ್ಥಿಯ ಪಾಲಿಗೆ ಬಂದದ್ದು ಬಹಳ ತಡವಾಗಿ.

1787ರಲ್ಲಿ ಸಂವಿಧಾನ ರಚಿಸಿದವರ ಮನಸ್ಸಿನಲ್ಲಿ ಪಕ್ಷಗಳೇ ಇರಲಿಲ್ಲ. ಪ್ರತಿ ಎಲೆಕ್ಟರ್ ಇಬ್ಬರಿಗೆ ಮತ ಹಾಕಬೇಕು, ಹೆಚ್ಚು ಮತ ಪಡೆದವರು ಅಧ್ಯಕ್ಷರು, ಎರಡನೆಯ ಸ್ಥಾನದವರು ಉಪಾಧ್ಯಕ್ಷರು ಎಂಬುದಷ್ಟೇ ಅವರ ವ್ಯವಸ್ಥೆಯಾಗಿತ್ತು. 1796ರಲ್ಲಿ ಇದರ ಫಲವಾಗಿ ಜಾನ್ ಆಡಮ್ಸ್ ಅಧ್ಯಕ್ಷರಾದರೆ, ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಆರನ್ ಬರ್ ತಲಾ 73 ಮತ ಪಡೆದು ಸಮಬಲ ಸಾಧಿಸಿದಾಗ, ಜನಪ್ರತಿನಿಧಿ ಸಭೆ 36 ಸುತ್ತು ಮತದಾನ ನಡೆಸಿ ಬಿಕ್ಕಟ್ಟನ್ನು ಬಿಡಿಸಬೇಕಾಯಿತು. 1804ರಲ್ಲಿ ಬಂದ 12ನೆಯ ತಿದ್ದುಪಡಿ ಎರಡೂ ಹುದ್ದೆಗಳ ಮತಗಳನ್ನು ಬೇರ್ಪಡಿಸಿತು.

ಹಳೆಯ ನಿಯಮವೊಂದು ಮಾತ್ರ ಹಾಗೆಯೇ ಉಳಿಯಿತು: ಎಲೆಕ್ಟರ್ ಆದವರು ತಮ್ಮ ರಾಜ್ಯದ ನಿವಾಸಿಗಳೇ ಆದ ಇಬ್ಬರಿಗೂ ಮತ ಹಾಕುವಂತಿಲ್ಲ. 2000ದಲ್ಲಿ ಟೆಕ್ಸಾಸ್‌ನಲ್ಲಿ ನೆಲೆಸಿದ್ದ ಡಿಕ್ ಚೇನಿ, ಅದೇ ರಾಜ್ಯದ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್ ಅವರ ಜೊತೆಗಾರರಾಗುವ ಮುನ್ನ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ವರ್ಗಾಯಿಸಿಕೊಂಡದ್ದು ಇದೇ ಕಾರಣಕ್ಕೆ. ಉಪಾಧ್ಯಕ್ಷ ಅಭ್ಯರ್ಥಿಗಾಗಿ ಶೋಧ ನಡೆಸುವ ಹೊಣೆಯನ್ನು ಬುಷ್ ಒಪ್ಪಿಸಿದ್ದು ಇದೇ ಚೇನಿಯವರಿಗೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ಆಯ್ಕೆ ಪಕ್ಷಗಳ ಮಹಾಧಿವೇಶನದಲ್ಲಿ, ಮುಖಂಡರ ಚೌಕಾಸಿಯಲ್ಲಿ ನಿರ್ಧಾರವಾಗುತ್ತಿತ್ತು. ಉತ್ತರದವರು ಅಧ್ಯಕ್ಷ ಸ್ಥಾನಕ್ಕೆ ನಿಂತರೆ ದಕ್ಷಿಣದವರು ಜೊತೆಗಿರಲಿ, ಒಂದು ಬಣಕ್ಕೆ ಮೊದಲ ಸ್ಥಾನ ಸಿಕ್ಕರೆ ಮುನಿದ ಬಣಕ್ಕೆ ಎರಡನೆಯದು ಸಿಗಲಿ ಎಂಬ ಲೆಕ್ಕವೇ ಮುಖ್ಯವಾಗಿತ್ತು. ಚುನಾವಣೆ ಗೆಲ್ಲಲು ಈ ಲೆಕ್ಕ ಸಾಕಾಗುತ್ತಿತ್ತೇನೋ, ಆಳ್ವಿಕೆಗೆ ಸಾಕಾಗಲಿಲ್ಲ. 1841ರಲ್ಲಿ ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ತೀರಿಕೊಂಡಾಗ, ಡೆಮಾಕ್ರಾಟರ ಅಂದಿನ ಎದುರಾಳಿಯಾದ ವಿಗ್ ಪಕ್ಷದ ಟಿಕೆಟ್ ಮೇಲೆ ಗೆದ್ದಿದ್ದ ಮಾಜಿ ಡೆಮಾಕ್ರಾಟ್ ಜಾನ್ ಟೈಲರ್ ಅಧ್ಯಕ್ಷರಾದರು. ಅವರು ಪಕ್ಷದ ಕಾರ್ಯಕ್ರಮಕ್ಕೇ ಅಡ್ಡ ನಿಂತಿದ್ದರಿಂದ ವಿಗ್ ಪಕ್ಷ ಅವರನ್ನು ಹೊರಹಾಕಿತು. 1864ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಜೊತೆ ಉಪಾಧ್ಯಕ್ಷರಾಗಿದ್ದ ಹ್ಯಾನಿಬಲ್ ಹ್ಯಾಮ್ಲಿನ್ ಅವರನ್ನು ಕೈಬಿಟ್ಟು, ಟೆನೆಸ್ಸಿಯ ಡೆಮಾಕ್ರಾಟ್ ಆಂಡ್ರ್ಯೂ ಜಾನ್ಸನ್ ಅವರನ್ನು ನಿಲ್ಲಿಸಲಾಯಿತು. ಮರುವರ್ಷ ಲಿಂಕನ್ ಹತ್ಯೆಯಾಯಿತು. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಲಕ್ಷಾಂತರ ಜನರ ಹಕ್ಕುಗಳ ಪ್ರಶ್ನೆ ಆ ಹಕ್ಕುಗಳನ್ನೇ ವಿರೋಧಿಸುತ್ತಿದ್ದ ಜಾನ್ಸನ್ ಅವರ ಕೈಸೇರಿತು. 1868ರಲ್ಲಿ ವಾಗ್ದಂಡನೆಗೆ ಗುರಿಯಾದ ಅವರು ಸೆನೆಟ್‌ನಲ್ಲಿ ಒಂದೇ ಮತದಿಂದ ಪಾರಾದರು. ಈ ಇತಿಹಾಸದಲ್ಲಿ ಅತಿ ದುಬಾರಿಯಾದ ಆಯ್ಕೆ ಇದೇ ಎಂದು ನನಗೆ ಅನ್ನಿಸುತ್ತದೆ.

ಅಮೆರಿಕದಲ್ಲಿ ಈ ಹುದ್ದೆಯ ಭಾರ ಎಷ್ಟೆಂಬುದು ನಮ್ಮ ವ್ಯವಸ್ಥೆಯ ಪಕ್ಕದಲ್ಲಿಟ್ಟರೆ ಸ್ಪಷ್ಟವಾಗುತ್ತದೆ. 1977ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ, ಉಪರಾಷ್ಟ್ರಪತಿಯಾಗಿದ್ದ ಕರ್ನಾಟಕದ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಹೊಸ ಚುನಾವಣೆ ನಡೆದು ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಅಧಿಕಾರ ವಹಿಸಿಕೊಂಡರು. ಅಮೆರಿಕದಲ್ಲಾದರೋ ಉಪಾಧ್ಯಕ್ಷರು ಉಳಿದ ಪೂರ್ಣ ಅವಧಿಗೆ, ಕಾರ್ಯಾಂಗದ ಎಲ್ಲ ಅಧಿಕಾರಗಳೊಂದಿಗೆ, ಅಧ್ಯಕ್ಷರೇ ಆಗಿಬಿಡುತ್ತಾರೆ. ಎಂಟು ಬಾರಿ ಅಧ್ಯಕ್ಷರ ಸಾವಿನಿಂದ, ಒಂದು ಬಾರಿ ರಾಜೀನಾಮೆಯಿಂದ ಹೀಗಾಗಿದೆ.

ಆಯ್ಕೆ ಅಭ್ಯರ್ಥಿಯ ಕೈಗೆ ಬರಲಾರಂಭಿಸಿದ್ದು 1940ರಲ್ಲಿ. ಹೆನ್ರಿ ವ್ಯಾಲೆಸ್ ಅವರನ್ನು ಒಪ್ಪದಿದ್ದರೆ ತಾವೇ ಉಮೇದುವಾರಿಕೆಯನ್ನು ನಿರಾಕರಿಸುವುದಾಗಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬೆದರಿಸಿದಾಗ, ಡೆಮಾಕ್ರಟಿಕ್ ಅಧಿವೇಶನ ಅಸಮಾಧಾನದಿಂದಲೇ ಮಣಿಯಿತು. ನಾಲ್ಕು ವರ್ಷಗಳ ಬಳಿಕ ಸ್ಥಿತಿ ಬೇರೆಯಾಗಿತ್ತು. ರೂಸ್‌ವೆಲ್ಟ್ ಅವರ ಹೃದಯ ದುರ್ಬಲವಾಗಿತ್ತು. ಅವರು ಮುಂದಿನ ಅವಧಿಯನ್ನು ಪೂರೈಸುವುದು ಅನುಮಾನವೆಂದು ಕಂಡುಕೊಂಡ ಪಕ್ಷದ ಮುಖಂಡರು, ತಾವು ಆರಿಸುತ್ತಿರುವುದು ಮುಂದಿನ ಅಧ್ಯಕ್ಷರನ್ನೇ ಎಂಬ ಎಚ್ಚರದಿಂದ ವ್ಯಾಲೆಸ್ ವಿರುದ್ಧ ಒಂದಾದರು. ಷಿಕಾಗೋ ಅಧಿವೇಶನದ ಮೊದಲ ಸುತ್ತಿನಲ್ಲಿ ವ್ಯಾಲೆಸ್ ಮುಂದಿದ್ದರೂ ಎರಡನೆಯ ಸುತ್ತಿನಲ್ಲಿ ಮಿಸ್ಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಗೆದ್ದರು. ಅಷ್ಟೆಲ್ಲ ಗೊತ್ತಿದ್ದೂ ಟ್ರೂಮನ್ ಅವರನ್ನು ಯಾರೂ ಆ ಹೊಣೆಗೆ ಸಜ್ಜುಗೊಳಿಸಲಿಲ್ಲ. ಉಪಾಧ್ಯಕ್ಷರಾಗಿ 82 ದಿನ ಕಳೆದು 1945ರ ಏಪ್ರಿಲ್ 12ರಂದು ಅಧ್ಯಕ್ಷರಾದ ಅವರಿಗೆ ಅಣುಬಾಂಬ್ ಯೋಜನೆಯ ಪೂರ್ಣ ವಿವರ ದೊರೆತದ್ದು ಏಪ್ರಿಲ್ 25ರಂದು.

1956ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಅಡ್ಲಾಯ್ ಸ್ಟೀವನ್‌ಸನ್ ತಮ್ಮ ಜೊತೆಗಾರರ ಆಯ್ಕೆಯನ್ನು ಅಧಿವೇಶನಕ್ಕೇ ಬಿಟ್ಟರು. ಎಸ್ಟಿಸ್ ಕೆಫಾವರ್ ಅವರು ಜಾನ್ ಕೆನಡಿಯವರನ್ನು ಮಣಿಸಿದ ಆ ಬಹಿರಂಗ ಸ್ಪರ್ಧೆಯನ್ನು ನಂತರದ ಯಾವ ಪ್ರಮುಖ ಅಭ್ಯರ್ಥಿಯೂ ಅನುಸರಿಸಲಿಲ್ಲ.

ಅಭ್ಯರ್ಥಿಯೊಬ್ಬರೇ ತೀರ್ಮಾನಿಸುವುದಾದರೆ ಅವರು ವಿಚಾರಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1972 ಎದುರಿಗಿಟ್ಟಿತು. ಅಧಿವೇಶನದ ನಡುವೆ, ಹಲವರು ನಿರಾಕರಿಸಿದ ಮೇಲೆ, ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಕೆಲವೇ ಗಂಟೆಗಳ ಆತುರದಲ್ಲಿ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಆರಿಸಿದರು. ಈಗಲ್ಟನ್ ಖಿನ್ನತೆಗಾಗಿ ಮೂರು ಬಾರಿ ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದ ಸಂಗತಿ ಆಮೇಲೆ ಬಯಲಾಯಿತು. ಮೊದಲು ಅವರ ಪರ ದೃಢವಾಗಿ ನಿಂತ ಮೆಕ್‌ಗವರ್ನ್ ದಿನಗಳಲ್ಲೇ ಮನಸ್ಸು ಬದಲಿಸಿದರು, ಜುಲೈ 31ರಂದು ಈಗಲ್ಟನ್ ಹಿಂದೆ ಸರಿದರು. ಚಿಕಿತ್ಸೆ ಪಡೆದವರೊಬ್ಬರು ಕಳಂಕ ಹೊರಬೇಕಾದದ್ದು ಅನ್ಯಾಯವೇ ಸರಿ. ಆದರೆ ಆ ಆತುರಕ್ಕೆ ಹೊಣೆ ಆರಿಸಿದವರದು.

ಆ ಪ್ರಕರಣವನ್ನು ಗಮನದಲ್ಲಿಟ್ಟು 1976ರಲ್ಲಿ ಜಿಮ್ಮಿ ಕಾರ್ಟರ್ ಹೊಸ ಕ್ರಮವೊಂದನ್ನು ರೂಪಿಸಿದರು. ಸಂಭಾವ್ಯರ ಆರೋಗ್ಯ, ಹಣಕಾಸು, ಹಿಂದಿನ ಬದುಕಿನ ಬಗ್ಗೆ ವಿವರ ತರಿಸಿಕೊಂಡು, ಕೆಲವರನ್ನು ಜಾರ್ಜಿಯಾದ ಪ್ಲೇನ್ಸ್‌ನಲ್ಲಿದ್ದ ತಮ್ಮ ಮನೆಗೇ ಕರೆಸಿ ಗಂಟೆಗಟ್ಟಲೆ ಮಾತನಾಡಿದರು. ಹೀಗೆ ಆಯ್ಕೆಯಾದ ವಾಲ್ಟರ್ ಮಾಂಡೇಲ್ ಹುದ್ದೆಯ ಸ್ವರೂಪವನ್ನೂ ಬದಲಿಸಿದರು. ಶ್ವೇತಭವನದ ಪಶ್ಚಿಮ ವಿಭಾಗದಲ್ಲಿ ಕಚೇರಿ, ಗುಪ್ತಚರ ಮಾಹಿತಿ, ಅಧ್ಯಕ್ಷರೊಂದಿಗೆ ವಾರಕ್ಕೊಮ್ಮೆ ಊಟದ ಭೇಟಿ ಅವರ ಕಾಲದಿಂದ ಬಂದವು. ಟ್ರೂಮನ್ ಅವರಿಗೆ ಸಿಗದಿದ್ದ ತಯಾರಿ ಇದು.

ಕಾರ್ಟರ್ ಅವರ ಮಾದರಿ ಇಂದಿಗೂ ನಡೆದಿದೆ. ಪ್ರಶ್ನಾವಳಿಗಳನ್ನು ಈಗ ವಕೀಲರ ತಂಡಗಳು ನೋಡಿಕೊಳ್ಳುತ್ತವೆ. ಅದು ತಪ್ಪುಗಳನ್ನು ತಡೆದಿಲ್ಲ: 1984ರಲ್ಲಿ ಪ್ರಮುಖ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿಯಾದ ಜೆರಾಲ್ಡೀನ್ ಫೆರಾರೊ ಅವರ ಪತಿಯ ಹಣಕಾಸಿನ ವಿಚಾರ ಘೋಷಣೆಯ ನಂತರವೇ ದೊಡ್ಡದಾಯಿತು, 2008ರಲ್ಲಿ ಸಾರಾ ಪೇಲಿನ್ ಅವರ ಪರಿಶೀಲನೆ ತೀರಾ ಅವಸರದ್ದಾಗಿತ್ತು. ಪರಿಶೀಲನೆ ಚೆನ್ನಾಗಿ ನಡೆದಾಗಲೂ ಅದನ್ನು ಕಾಣುವವರು ಅಭ್ಯರ್ಥಿ ಮತ್ತು ಕೆಲವೇ ಆಪ್ತರು. ಬಣಗಳ ಚೌಕಾಸಿಯಲ್ಲಿ ನೂರು ದೋಷಗಳಿದ್ದರೂ, ಅಲ್ಲಿ ಬೇಡವೆನ್ನುವ ಶಕ್ತಿ ಅಭ್ಯರ್ಥಿಯ ಹೊರಗೂ ಇತ್ತು.

2024ರಲ್ಲಿ ಜುಲೈ 15ರಂದು ಡೊನಾಲ್ಡ್ ಟ್ರಂಪ್ ಅವರು ಜೆ.ಡಿ. ವ್ಯಾನ್ಸ್ ಅವರನ್ನು ಘೋಷಿಸಿದರು. ಜೋ ಬೈಡನ್ ಜುಲೈ 21ರಂದು ಕಣದಿಂದ ಹಿಂದೆ ಸರಿದ ಮೇಲೆ ಕಮಲಾ ಹ್ಯಾರಿಸ್ ಅವರಿಗೆ ಟಿಮ್ ವಾಲ್ಜ್ ಅವರನ್ನು ಆರಿಸಲು ಸಿಕ್ಕಿದ್ದು ಆಗಸ್ಟ್ 6ರವರೆಗಿನ 16 ದಿನ ಮಾತ್ರ. ವ್ಯಾನ್ಸ್ ಮತ್ತು ವಾಲ್ಜ್ ಮುಖಾಮುಖಿಯಾಗಿ ದೇಶದ ಮುಂದೆ ಪ್ರಶ್ನೆಗಳಿಗೆ ಉತ್ತರಿಸಿದ್ದು ಒಮ್ಮೆ, ಅಕ್ಟೋಬರ್ 1ರ ಚರ್ಚೆಯಲ್ಲಿ. ಆ ವೇಳೆಗೆ ಹಲವು ರಾಜ್ಯಗಳಲ್ಲಿ ಮುಂಗಡ ಮತದಾನ ಆರಂಭವಾಗಿತ್ತು.