ಬಂಗುಡೆಯನ್ನು ತೊಳೆದು ಫ್ರೀಜರಿಗೆ ಇಡಬೇಕಾ, ಹಾಗೇ ಇಡಬೇಕಾ?

ಪ್ರಶ್ನೆ: ದೋಣಿ ಬರುವ ಹೊತ್ತಿಗೆ ಕಡಪ್ಪುರಕ್ಕೆ (ಕಡಲ ತೀರಕ್ಕೆ) ಹೋದರೆ ಬಂಗುಡೆ ಕಡಿಮೆ ಕ್ರಯಕ್ಕೆ ಸಿಗುತ್ತದೆ. ನಾಲ್ಕೈದು ಕಿಲೋ ತಂದು ಫ್ರೀಜರಿಗೆ ಹಾಕುತ್ತೇವೆ. ಎರಡು ವಾರ ಕಳೆದರೆ ಹಳೇ ಎಣ್ಣೆಯ ವಾಸನೆ, ತಿಂದರೆ ನಾರು ನಾರು. ತೊಳೆದು ಇಡಬೇಕಾ, ಹಾಗೇ ಇಡಬೇಕಾ? (ಕುಂಬಳೆಯ ಓದುಗರು)

ತೊಳೆದೇ ಇಡಿ. ಸುಮ್ನೆ ನೀರು ಹೊಯ್ದರೆ ಸಾಲದು. ಹೊಟ್ಟೆ ಸೀಳಿ ಕರುಳು, ಕಿವಿರು ತೆಗೆಯಿರಿ. ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪು ರಕ್ತವನ್ನೂ ಉಗುರಿನಿಂದ ಕೆರೆಯಿರಿ. ಮೀನು ಕೆಡಲು ಶುರುವಾಗುವುದೇ ಹೊಟ್ಟೆಯಿಂದ. ಬೆಳಿಗ್ಗೆ ತಂದ ಬೂತಾಯಿಯ ಹೊಟ್ಟೆ ಮಧ್ಯಾಹ್ನಕ್ಕೆ ಒಡೆಯುವುದನ್ನು ನೋಡಿದ್ದೀರಲ್ವಾ?

ಆದರೆ ನಿಮ್ಮ ತೊಂದರೆ ಇರುವುದು ಮೀನು ತುಂಬಿಸುವ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಅಂತ ನನ್ನ ಅಂದಾಜು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗ ಮೀನು ಸಿಗಲಿಕ್ಕಿಲ್ಲ ಅಂತ ಹೆದರಿ ಒಂದು ವರ್ಷ ನಾನು ಐದು ಕಿಲೋ ಬಂಗುಡೆಯನ್ನು ಒಂದೇ ತೊಟ್ಟೆಗೆ ತುರುಕಿ ಇಟ್ಟಿದ್ದೆ. ಮರುದಿನ ನೋಡಿದರೆ ಹೊರಗೆ ಕಲ್ಲು, ನಡುವಿನ ಮೀನು ಇನ್ನೂ ಮೆತ್ತಗೆ! ನಿಧಾನಕ್ಕೆ ಗಟ್ಟಿಯಾದಷ್ಟೂ ಮಾಂಸದೊಳಗೆ ಐಸಿನ ಹರಳು ದೊಡ್ಡದಾಗುತ್ತದೆ. ಅದು ಮಾಂಸವನ್ನು ಹರಿಯುತ್ತದೆ, ಕರಗಿದಾಗ ಒಳಗಿನ ನೀರೆಲ್ಲ ಸೋರಿಹೋಗುತ್ತದೆ. ನಾರಾಗುವುದು ಹೀಗೆ. ವಾಸನೆಗೆ ಕಾರಣ ಗಾಳಿ. ಬಂಗುಡೆ, ಬೂತಾಯಿಯಲ್ಲಿ ಕೊಬ್ಬು ಜಾಸ್ತಿ. ಗಾಳಿ ತಾಗಿದರೆ ಅದು ಫ್ರೀಜರಿನೊಳಗೂ ಕಮಟುತ್ತದೆ.

ನಾನೀಗ ಮಾಡುವುದು ಇಷ್ಟು. ಒಂದು ಹೊತ್ತಿನ ಪದಾರ್ಥಕ್ಕೆ ಬೇಕಾದಷ್ಟೇ ಮೀನನ್ನು ಚಪ್ಪಟೆ ಡಬ್ಬಿಯಲ್ಲಿ ಒಂದೇ ಸಾಲಾಗಿ ಜೋಡಿಸುತ್ತೇನೆ. ಮುಳುಗುವಷ್ಟು ತಣ್ಣೀರು ಹೊಯ್ದು, ಮೇಲೆ ಒಂದು ಬೆರಳು ಜಾಗ ಬಿಡುತ್ತೇನೆ. ನೀರು ಐಸಾಗುವಾಗ ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ಡಬ್ಬಿ ಒಡೆಯುತ್ತದೆ. ಅಂಜಲಿನಂಥ ದೊಡ್ಡ ಮೀನಿನ ತುಂಡುಗಳಿಗೆ ಬೇರೆ ಉಪಾಯ. ಸ್ಟೀಲ್ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿ ಮಾಡಿ, ಐಸ್ ನೀರಿನಲ್ಲಿ ಒಮ್ಮೆ ಅದ್ದಿ ಮತ್ತೆ ಒಳಗಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಗಾಜಿನಂಥ ಪದರ ಕೂರುತ್ತದೆ. ಆಮೇಲೆ ತೊಟ್ಟೆಗೆ ಹಾಕಿ, ಗಾಳಿ ಹಿಂಡಿ ಕಟ್ಟಿ.

ಉಪ್ಪು ಸವರಿ ಇಡುವ ಅಭ್ಯಾಸ ಹಲವರಿಗಿದೆ. ಬಂಗುಡೆಗೆ ಬೇಡ, ಉಪ್ಪು ತಾಗಿದರೆ ಕೊಬ್ಬು ಇನ್ನೂ ಬೇಗ ಕಮಟುತ್ತದೆ.

ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಬಂಗುಡೆ, ಬೂತಾಯಿ ಎರಡು ಮೂರು ತಿಂಗಳು ಚೆನ್ನಾಗಿರುತ್ತವೆ. ಕಾಣೆಯಂಥ ಕೊಬ್ಬು ಕಡಿಮೆಯ ಮೀನಾದರೆ ಆರು ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗುವುದಿಲ್ಲ. ಅದರಲ್ಲಿಟ್ಟದ್ದನ್ನು ವಾರ, ಹತ್ತು ದಿನದೊಳಗೆ ಮುಗಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಕಡಪ್ಪುರಕ್ಕೆ ಹೋಗುವಾಗ ಐಸ್ ಇರುವ ಪೆಟ್ಟಿಗೆ ಒಯ್ಯಿರಿ. ಬಂಗುಡೆ ಬಿಸಿಲಲ್ಲಿ ಸ್ಕೂಟರಿಗೆ ನೇತಾಡಿಕೊಂಡು ಬಂದರೆ ಅದರೊಳಗೆ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುವುದು ಅದರಿಂದ. ಬೇಯಿಸಿದರೂ ಹೋಗುವುದಿಲ್ಲ, ಫ್ರೀಜರಿಗೆ ಹಾಕಿದರೂ ಹೋಗುವುದಿಲ್ಲ.

ತೆಗೆಯುವಾಗ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿ. ಅಡುಗೆಮನೆಯ ಕಟ್ಟೆಯ ಮೇಲೆ ಕರಗಲು ಬಿಡಬೇಡಿ.

ಮಳೆಗಾಲದಲ್ಲಿ ಕರೆಂಟು ಹೋದರೆ ಬಾಗಿಲು ತೆರೆದು ತೆರೆದು ನೋಡಬೇಡಿ. ತುಂಬಿದ ದೊಡ್ಡ ಫ್ರೀಜರ್ ಮುಚ್ಚಿಯೇ ಇದ್ದರೆ ಎರಡು ದಿನ ತಡೆಯುತ್ತದೆ, ಅರ್ಧ ತುಂಬಿದ್ದಾದರೆ ಒಂದು ದಿನ. ಕರೆಂಟು ಬಂದ ಮೇಲೆ ಮೀನಿನಲ್ಲಿ ಐಸಿನ ಹರಳು ಉಳಿದಿದ್ದರೆ ಹಾಗೇ ಬಿಡಿ. ಕರಗಿಯೂ ಫ್ರಿಜ್ಜಿನಲ್ಲಿಟ್ಟಷ್ಟು ತಣ್ಣಗೇ ಇದ್ದರೆ ಅವತ್ತೇ ಪುಳಿಮುಂಚಿ. ಬೆಚ್ಚಗಾಗಿದ್ದರೆ ತೆಂಗಿನ ಬುಡಕ್ಕೆ.